ಹೆಗಲ ರಜ್ಜು ಹರಿದರೆ: ದುರ್ಬೀನು ಶಸ್ತ್ರಚಿಕಿತ್ಸೆ ಹೇಗೆ, ಯಾರಿಗೆ, ಯಾವಾಗ

ಚೆನ್ನೈಯ ಸೌಕಾರ್‌ಪೇಟೆಯ ಒಳಬೀದಿಗಳಿಗೆ ದೊಡ್ಡ ಲಾರಿ ನುಗ್ಗುವುದಿಲ್ಲ. ಪೇಟೆಯ ಅಂಚಿನ ರಸ್ತೆಗಳಲ್ಲಿ ಇಳಿದ ಸರಕು ಅಲ್ಲಿಂದ ಮುಂದೆ ಕೈಗಾಡಿಯಲ್ಲೋ, ಮೂರು ಚಕ್ರದ ಸೈಕಲ್ ಗಾಡಿಯಲ್ಲೋ, ಕೊನೆಗೆ ಮನುಷ್ಯರ ತಲೆ, ಹೆಗಲುಗಳ ಮೇಲೋ ಅಂಗಡಿ ಸೇರಬೇಕು. ಮಿಂಟ್ ಸ್ಟ್ರೀಟ್, ಗೋವಿಂದಪ್ಪ ನಾಯ್ಕನ್ ಬೀದಿ, ಅತ್ತ ಗೋಡೌನ್ ಸ್ಟ್ರೀಟ್ ಎಲ್ಲೆಲ್ಲೂ ಅಂಗಡಿಗಳು ಅಗಲಕ್ಕಿಂತ ಎತ್ತರಕ್ಕೆ ಬೆಳೆದಿವೆ. ಬಟ್ಟೆಯ ಥಾನು, ಬಳೆಯ ಪೆಟ್ಟಿಗೆ, ನೋಟ್‌ಬುಕ್ಕಿನ ಕಟ್ಟುಗಳನ್ನು ಚಾವಣಿ ಮುಟ್ಟುವಂತೆ ಪೇರಿಸಿಟ್ಟಿರುತ್ತಾರೆ. ಗಿರಾಕಿ ಕೇಳಿದಾಗಲೆಲ್ಲ ಯಾರೋ ಒಬ್ಬರು ತೋಳೆತ್ತಿ ಮೇಲಿನ ಸಾಲಿನಿಂದ ಎಳೆಯಬೇಕು, ಗಿರಾಕಿ ಬೇಡವೆಂದರೆ ತೋಳೆತ್ತಿ ಮತ್ತೆ ಮೇಲೆ ತಳ್ಳಬೇಕು. ಇಪ್ಪತ್ತರಲ್ಲಿ ಶುರುವಾದ ಈ ಕೆಲಸ ಐವತ್ತೈದಾದರೂ ಮುಗಿದಿರುವುದಿಲ್ಲ. ಸೌಕಾರ್‌ಪೇಟೆಯನ್ನು ಒಳಗೊಂಡ ಜಾರ್ಜ್‌ಟೌನಿನ ಆಚಾರಪ್ಪನ್ ಬೀದಿಯಲ್ಲಿ ಹೋಟೆಲು ನಡೆಸಿ ಮುಂದೆ ವುಡ್‌ಲ್ಯಾಂಡ್ಸ್ ಕಟ್ಟಿದ ಉಡುಪಿ ಸೀಮೆಯ ಕೆ. ಕೃಷ್ಣರಾಯರ ಕಾಲದಿಂದಲೂ ಕರಾವಳಿಯ ಕನ್ನಡಿಗರು ಈ ಊರಿನ ಅಡುಗೆಮನೆಗಳಲ್ಲಿ ರುಬ್ಬುತ್ತ, ಹಂಡೆ ಎತ್ತಿ ಇಳಿಸುತ್ತ ಬಂದಿದ್ದಾರೆ. ಅವರ ತೋಳಿಗೂ ಇದೇ ಪಾಡು.

ಇಂಥ ತೋಳು ಒಂದು ದಿನ ಮೇಲೇಳುವುದಿಲ್ಲ. ಕೆಲವರಿಗೆ ಅದು ಥಟ್ಟನೆ ಆಗುತ್ತದೆ. ಜಾರುತ್ತಿದ್ದ ಮೂಟೆಯನ್ನು ಒಂದೇ ಕೈಯಲ್ಲಿ ಹಿಡಿಯಲು ಹೋದಾಗಲೋ, ಸ್ಕೂಟರಿನಿಂದ ಬಿದ್ದು ಕೈಯೂರಿದಾಗಲೋ ಹೆಗಲೊಳಗೆ ಏನೋ 'ಚಟ್' ಎಂದ ಅನುಭವ, ಮರುಕ್ಷಣದಿಂದ ತೋಳಿಗೆ ಬಲವಿಲ್ಲ. ಇನ್ನು ಹಲವರಿಗೆ ತಿಂಗಳುಗಟ್ಟಲೆ ತೆವಳಿಕೊಂಡು ಬರುತ್ತದೆ. ಮೊದಲು ರಾತ್ರಿ ಆ ಮಗ್ಗುಲಲ್ಲಿ ಮಲಗಲಾಗುವುದಿಲ್ಲ, ಆಮೇಲೆ ತಲೆ ಬಾಚಲಾಗುವುದಿಲ್ಲ, ರವಿಕೆಯ ಹುಕ್ಕು ಹಾಕಲಾಗುವುದಿಲ್ಲ, ಮೇಲಿನ ಅಟ್ಟದ ಡಬ್ಬಿ ಕೈಗೆಟುಕುವುದಿಲ್ಲ. ಮನೆಯವರು 'ವಾಯು ಹಿಡಿದಿದೆ', 'ನರ ಎಳೆದಿದೆ' ಅನ್ನುತ್ತಾರೆ. ಎಣ್ಣೆ ನೀವಿ, ಬಿಸಿನೀರು ಹಾಕಿ, ಮುಲಾಮು ಹಚ್ಚಿ ನಾಲ್ಕಾರು ತಿಂಗಳು ಕಳೆಯುತ್ತವೆ. ಈ ನಾಲ್ಕಾರು ತಿಂಗಳು ಕೆಲವರ ಮಟ್ಟಿಗೆ ಏನೂ ನಷ್ಟವಲ್ಲ, ಕೆಲವರ ಮಟ್ಟಿಗೆ ಮರಳಿ ಬಾರದ ನಷ್ಟ. ಯಾರಿಗೆ ಯಾವುದು ಎಂಬುದನ್ನು ತಿಳಿಸುವುದೇ ಈ ಬರಹದ ಮುಖ್ಯ ಉದ್ದೇಶ. ಶಸ್ತ್ರಚಿಕಿತ್ಸೆಯ ಚಮತ್ಕಾರದ ಕಥೆ ಆಸ್ಪತ್ರೆಗಳ ಜಾಹೀರಾತಿನಲ್ಲಿ ಸಿಗುತ್ತದೆ. ಯಾರಿಗೆ ಅದು ಬೇಡ, ಯಾರು ತಡಮಾಡಬಾರದು ಎಂಬುದು ಅಲ್ಲಿ ಅಷ್ಟಾಗಿ ಸಿಗುವುದಿಲ್ಲ.

ಹರಿಯುವುದು ಯಾವುದು?

ದೇಹದ ಕೀಲುಗಳಲ್ಲೆಲ್ಲ ಅತಿ ಹೆಚ್ಚು ದಿಕ್ಕಿಗೆ ತಿರುಗುವುದು ಭುಜದ ಕೀಲು. ಆ ಸ್ವಾತಂತ್ರ್ಯಕ್ಕೆ ಅದು ತೆತ್ತಿರುವ ಬೆಲೆ ಭದ್ರತೆ. ತೋಳಿನ ಮೂಳೆಯ ಗುಂಡುತಲೆ ದೊಡ್ಡದು, ಅದು ಕೂರುವ ಹೆಗಲ ಹಲಗೆ ಮೂಳೆಯ ಗುಳಿ ತೀರ ಆಳವಿಲ್ಲದ್ದು. ಪುಟ್ಟ ತಟ್ಟೆಯ ಮೇಲೆ ನಿಂಬೆಹಣ್ಣು ಇಟ್ಟ ಹಾಗೆ. ಅದು ಜಾರದಂತೆ ಹಿಡಿದಿಡುವುದು ನಾಲ್ಕು ಸ್ನಾಯುಗಳು. ಹಲಗೆ ಮೂಳೆಯಿಂದ ಹೊರಟ ಇವು ಕೊನೆಯಲ್ಲಿ ಚಪ್ಪಟೆ ರಜ್ಜುಗಳಾಗಿ, ಒಂದಕ್ಕೊಂದು ಬೆಸೆದುಕೊಂಡು, ಗುಂಡುತಲೆಯನ್ನು ಮುಂದೆ, ಮೇಲೆ, ಹಿಂದೆ ಮೂರೂ ಕಡೆಯಿಂದ ಆವರಿಸಿ ಅಂಟಿಕೊಂಡಿವೆ. ಈ ಆವರಣಕ್ಕೆ ವೈದ್ಯರು ರೋಟೇಟರ್ ಕಫ್ ಎನ್ನುತ್ತಾರೆ. ತೋಳನ್ನು ಎತ್ತುವ ದೊಡ್ಡ ಬಲ ಹೊರಗಿನ ಡೆಲ್ಟಾಯ್ಡ್ ಸ್ನಾಯುವಿನದು. ಆದರೆ ಅದು ಎಳೆಯುವಾಗ ಗುಂಡುತಲೆ ಮೇಲಕ್ಕೆ ಹಾರದಂತೆ ಗುಳಿಯೊಳಗೆ ಒತ್ತಿ ಹಿಡಿಯುವ ಕೆಲಸ ಕಫ್‌ನದು. ಆ ಹಿಡಿತ ಹೋದರೆ ಡೆಲ್ಟಾಯ್ಡ್ ಎಷ್ಟು ಬಲವಾಗಿದ್ದರೂ ತೋಳು ಏಳದು. ಹೆಗಲು ಕಿವಿಯ ಕಡೆಗೆ ಕುಗ್ಗಿ ಮೇಲೇಳುತ್ತದೆ, ಕೈ ಮಾತ್ರ ಅಲ್ಲೇ ಇರುತ್ತದೆ.

ನಾಲ್ಕರಲ್ಲಿ ಹೆಚ್ಚು ಹರಿಯುವುದು ಮೇಲ್ಭಾಗದ ಸುಪ್ರಾಸ್ಪೈನೇಟಸ್. ಮೇಲೆ ಅಕ್ರೋಮಿಯನ್ ಎಂಬ ಮೂಳೆಯ ಚಾಚು, ಕೆಳಗೆ ಗುಂಡುತಲೆ, ನಡುವಿನ ಇಕ್ಕಟ್ಟಿನಲ್ಲಿ ಈ ರಜ್ಜು. ಮೂಳೆಗೆ ಅಂಟುವ ಜಾಗದ ಹತ್ತಿರ ಇದಕ್ಕೆ ರಕ್ತದ ಸರಬರಾಜೂ ಕಡಿಮೆ. ವಯಸ್ಸಾದಂತೆ ಎಳೆಗಳು ಸವೆಯುತ್ತವೆ. ತೋಳೆತ್ತಿ ಮಾಡುವ ಕೆಲಸ, ಸಿಗರೇಟು, ಸಕ್ಕರೆ ಕಾಯಿಲೆ ಈ ಸವೆತಕ್ಕೆ ಜೊತೆಗೂಡುತ್ತವೆ. ಸಾಮಾನ್ಯವಾಗಿ ರಜ್ಜು ನಡುವೆ ತುಂಡಾಗುವುದಿಲ್ಲ, ಮೂಳೆಯಿಂದ ಕಿತ್ತು ಬರುತ್ತದೆ. ಕಿತ್ತ ತುದಿಯನ್ನು ಸ್ನಾಯು ತನ್ನ ಕಡೆಗೆ ಎಳೆಯುತ್ತಲೇ ಇರುವುದರಿಂದ ಪೂರ್ತಿ ಹರಿದ ರಜ್ಜು ತಾನಾಗಿ ಬಂದು ಮೂಳೆಗೆ ಕೂಡುವುದು ಬಹಳ ಅಪರೂಪ.

ಕಾಲ ಕಳೆದಂತೆ ಇನ್ನೊಂದು ಕೆಡುಕು ನಡೆಯುತ್ತದೆ, ಇದು ಹೊರಗೆ ಕಾಣುವುದಿಲ್ಲ. ಕೆಲಸವಿಲ್ಲದ ಸ್ನಾಯು ಸೊರಗಿ, ಅದರ ಎಳೆಗಳ ನಡುವೆ ಕೊಬ್ಬು ತುಂಬತೊಡಗುತ್ತದೆ. ಫ್ರಾನ್ಸಿನ ಗುಟಾಲಿಯೆ ಎಂಬ ವೈದ್ಯರು 1994ರಲ್ಲಿ ಇದನ್ನು ಹಂತಹಂತವಾಗಿ ಅಳೆಯುವ ಕ್ರಮವನ್ನು ಪ್ರಕಟಿಸಿದರು. ಸ್ನಾಯುವಿಗಿಂತ ಕೊಬ್ಬೇ ಹೆಚ್ಚಾದ ಹಂತ ಮುಟ್ಟಿದ ಮೇಲೆ ರಜ್ಜುವನ್ನು ಎಷ್ಟೇ ಚೆನ್ನಾಗಿ ಹೊಲಿದರೂ ಎಳೆಯಲು ಸ್ನಾಯುವೇ ಇರುವುದಿಲ್ಲ. ಆ ಕೊಬ್ಬು ಮತ್ತೆ ಸ್ನಾಯುವಾಗುವುದೂ ಇಲ್ಲ.

ಎಲ್ಲ ಹೆಗಲುನೋವೂ ರಜ್ಜುವಿನ ಹರಿತವಲ್ಲ

ಸಕ್ಕರೆ ಕಾಯಿಲೆ ಹೆಚ್ಚಿರುವ ನಮ್ಮ ಊರುಗಳಲ್ಲಿ ಇದನ್ನು ಗಟ್ಟಿಯಾಗಿ ಹೇಳಬೇಕು. ಮಧುಮೇಹಿಗಳಿಗೆ ಬರುವ ಫ್ರೋಜನ್ ಶೋಲ್ಡರ್ ಬೇರೆಯೇ ಕಾಯಿಲೆ. ಅದರಲ್ಲಿ ಹರಿದಿರುವುದು ಏನೂ ಇಲ್ಲ, ಕೀಲಿನ ಪೊರೆಯೇ ದಪ್ಪವಾಗಿ ಬಿಗಿದುಕೊಂಡಿರುತ್ತದೆ. ಎರಡನ್ನೂ ಬೇರ್ಪಡಿಸುವ ಸುಳುಹು ಸರಳ. ರೋಗಿ ತಾನೇ ಎತ್ತಲಾಗದ ತೋಳನ್ನು ಇನ್ನೊಬ್ಬರು ಮೆಲ್ಲನೆ ಹಿಡಿದು ಎತ್ತಿದರೆ ಪೂರ್ತಿ ಏಳುತ್ತದೆಯೇ? ಏಳುವುದಾದರೆ ಕೀಲು ಸರಿಯಿದೆ, ಎಳೆಯುವ ರಜ್ಜುವಿನದೇ ತೊಂದರೆ ಇರಬಹುದು. ಇನ್ನೊಬ್ಬರು ಎತ್ತಿದರೂ ಅದೇ ಜಾಗದಲ್ಲಿ ಗಕ್ಕನೆ ನಿಂತರೆ, ಮೊಣಕೈಯನ್ನು ಪಕ್ಕೆಗೆ ಒತ್ತಿಟ್ಟು ಅಂಗೈಯನ್ನು ಹೊರಗೆ ತಿರುಗಿಸಲೂ ಆಗದಿದ್ದರೆ, ಅದು ಬಹುಮಟ್ಟಿಗೆ ಫ್ರೋಜನ್ ಶೋಲ್ಡರ್. ಅದಕ್ಕೆ ಬೇಕಾದದ್ದು ವ್ಯಾಯಾಮ, ತಾಳ್ಮೆ, ಸಕ್ಕರೆಯ ಹತೋಟಿ, ಕೆಲವೊಮ್ಮೆ ಕೀಲಿಗೆ ಒಂದು ಇಂಜೆಕ್ಷನ್. ಕತ್ತಿನ ನರ ಒತ್ತಿ ಬರುವ ನೋವು ಸಾಮಾನ್ಯವಾಗಿ ಮೊಣಕೈ ದಾಟಿ ಬೆರಳುಗಳವರೆಗೆ ಜುಮ್ಮೆನ್ನುತ್ತ ಹರಿಯುತ್ತದೆ. ರಜ್ಜುವಿನ ನೋವು ಹೆಚ್ಚಾಗಿ ತೋಳಿನ ಹೊರಮಗ್ಗುಲಲ್ಲಿ ಮೊಣಕೈಗಿಂತ ಮೇಲೆಯೇ ಉಳಿಯುತ್ತದೆ. ಹೆಗಲನ್ನು ಅಲುಗಾಡಿಸದೆಯೂ ನೋವು ಬಂದು, ಜೊತೆಗೆ ಬೆವರು, ಉಸಿರುಕಟ್ಟು, ಎದೆ ಬಿಗಿತ ಇದ್ದರೆ ಅದು ಹೃದಯದ್ದಾಗಿರಬಹುದು. ಮೂಳೆ ವೈದ್ಯರ ಸರದಿ ಕಾಯುತ್ತ ಕೂರದೆ ತುರ್ತು ವಿಭಾಗಕ್ಕೆ ಓಡಬೇಕು.

ಚೆನ್ನೈಯಲ್ಲಿ ಮೂಳೆ ಮುರಿದರೆ ಆಂಧ್ರದ ಪುತ್ತೂರು ಕಟ್ಟಿಗೆ ಹೋಗುವ ಅಭ್ಯಾಸ ಹಳೆಯದು. ನಮ್ಮ ಹಳ್ಳಿಗಳಲ್ಲೂ ಕಟ್ಟು ಹಾಕುವವರು, ನೀವುವವರು ಇದ್ದಾರೆ. ಅವರ ಮೇಲಿನ ನಂಬಿಕೆಯನ್ನು ಹೀಗಳೆಯುವುದು ನನ್ನ ಉದ್ದೇಶವಲ್ಲ. ಆದರೆ ಮೂಳೆಯಿಂದ ಕಿತ್ತು ಒಳಕ್ಕೆ ಸರಿದ ರಜ್ಜುವನ್ನು ಹೊರಗಿನ ಯಾವ ಕಟ್ಟೂ ಹಿಂದಕ್ಕೆ ತಂದು ಕೂಡಿಸಲಾರದು. ಹೊಸದಾಗಿ ಹರಿದ ರಜ್ಜುವಿನ ಮೇಲೆ ಜೋರಾಗಿ ನೀವಿ ತೋಳು ತಿರುಚಿದರೆ ಹರಿತ ಹೆಚ್ಚೂ ಆಗಬಹುದು.

ಇನ್ನು ಸ್ಕ್ಯಾನಿನ ವಿಷಯ. ಅಲ್ಟ್ರಾಸೌಂಡಿನಲ್ಲೂ ಹರಿತ ಚೆನ್ನಾಗಿ ಕಾಣುತ್ತದೆ, ಖರ್ಚೂ ಕಡಿಮೆ, ಆದರೆ ನೋಡುವವರ ಕೈ ಪಳಗಿರಬೇಕು. ಎಂಆರ್‌ಐ ಹರಿತದ ಅಳತೆ, ರಜ್ಜು ಸರಿದ ದೂರ, ಸ್ನಾಯುವಿನಲ್ಲಿ ಸೇರಿದ ಕೊಬ್ಬು ಮೂರನ್ನೂ ತೋರಿಸುತ್ತದೆ. 1 ಸೆಂಟಿಮೀಟರಿಗಿಂತ ಕಡಿಮೆ ಇದ್ದರೆ ಸಣ್ಣದು, 3ರವರೆಗೆ ಮಧ್ಯಮ, 5ರವರೆಗೆ ದೊಡ್ಡದು, ಅದಕ್ಕೂ ಮೀರಿದರೆ ಅತಿ ದೊಡ್ಡದು ಎಂಬುದು ವೈದ್ಯರ ಲೆಕ್ಕ. ಇಲ್ಲೇ ಜನ ಎಡವುತ್ತಾರೆ. ವರದಿಯಲ್ಲಿ ಹರಿತವೆಂದು ಬರೆದದ್ದನ್ನು ಕಂಡ ಕೂಡಲೇ ಆಪರೇಷನ್ ಆಗಲೇಬೇಕೆಂದು ಕುಟುಂಬವೆಲ್ಲ ಕಂಗಾಲಾಗುತ್ತದೆ. 1995ರಲ್ಲಿ ಅಮೆರಿಕದಲ್ಲಿ ಹೆಗಲುನೋವೇ ಇಲ್ಲದ 96 ಮಂದಿಗೆ ಎಂಆರ್‌ಐ ಮಾಡಿ ನೋಡಿದರು. 60 ದಾಟಿದವರಲ್ಲಿ ನೂರಕ್ಕೆ 54 ಮಂದಿಯ ರಜ್ಜು ಅರ್ಧವೋ ಪೂರ್ತಿಯೋ ಹರಿದಿತ್ತು. ಅವರೆಲ್ಲ ನೋವಿಲ್ಲದೆ ದಿನನಿತ್ಯದ ಕೆಲಸ ಮಾಡಿಕೊಂಡಿದ್ದವರು. ವಯಸ್ಸಿಗೆ ಕೂದಲು ನೆರೆಯುತ್ತದೆ, ರಜ್ಜುವೂ ಸವೆಯುತ್ತದೆ. ಚಿಕಿತ್ಸೆ ಬೇಕಾಗಿರುವುದು ತೋಳಿಗೆ, ಚಿತ್ರಕ್ಕಲ್ಲ.

ಯಾರು ಕಾಯಬಹುದು, ಯಾರು ಕಾಯಬಾರದು?

ನಿಧಾನವಾಗಿ ಸವೆದು ಹರಿದ ರಜ್ಜು, ಅರವತ್ತರ ಆಸುಪಾಸಿನ ವಯಸ್ಸು, ನೋವಿದ್ದರೂ ತೋಳು ಏಳುತ್ತದೆ ಎನ್ನುವವರು ಮೊದಲು ಫಿಸಿಯೋಥೆರಪಿಗೆ ಹೋಗಬೇಕು. ಒಂದೆರಡು ವಾರವಲ್ಲ, ಮೂರು ತಿಂಗಳು ನಿಷ್ಠೆಯಿಂದ. ಉಳಿದ ಮೂರು ರಜ್ಜುಗಳನ್ನೂ ಹಲಗೆ ಮೂಳೆಯ ಸುತ್ತಲಿನ ಸ್ನಾಯುಗಳನ್ನೂ ಬಲಪಡಿಸಿದರೆ ಹರಿದ ಒಂದರ ಕೆಲಸವನ್ನು ಅವು ಹಂಚಿಕೊಳ್ಳುತ್ತವೆ. ಇದು ಸಮಾಧಾನದ ಮಾತಲ್ಲ. ಅಮೆರಿಕದ ಹಲವು ಆಸ್ಪತ್ರೆಗಳು ಸೇರಿ, ಏಟು ಬೀಳದೆ ರಜ್ಜು ಪೂರ್ತಿ ಹರಿದ 452 ರೋಗಿಗಳಿಗೆ ಕ್ರಮಬದ್ಧ ವ್ಯಾಯಾಮ ಮಾಡಿಸಿ 2013ರಲ್ಲಿ ಫಲಿತಾಂಶ ಪ್ರಕಟಿಸಿದವು. ಎರಡು ವರ್ಷದೊಳಗೆ ಶಸ್ತ್ರಚಿಕಿತ್ಸೆ ಬೇಕೆಂದು ಹೋದವರು ನೂರಕ್ಕೆ 25ಕ್ಕಿಂತ ಕಡಿಮೆ. ರಜ್ಜು ಮತ್ತೆ ಕೂಡಿತೆಂದು ಇದರ ಅರ್ಥವಲ್ಲ. ಹರಿದ ರಜ್ಜು ಹಾಗೇ ಇದ್ದರೂ ತೋಳು ಬದುಕಿಗೆ ಸಾಲುವಷ್ಟು ಸುಧಾರಿಸಿತು, ಅಷ್ಟೆ. ಅಂಥವರು ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ತೋರಿಸುತ್ತಿರಬೇಕು, ಹರಿತ ಬೆಳೆಯಬಹುದು.

ಸ್ಟೀರಾಯ್ಡ್ ಇಂಜೆಕ್ಷನ್ ಒಂದನ್ನು ವ್ಯಾಯಾಮ ಶುರು ಮಾಡಲು ನೋವು ಅಡ್ಡಬಂದಾಗ ಕೊಡುವುದುಂಟು. ಪದೇಪದೇ ಹಾಕಿಸಿಕೊಂಡರೆ ರಜ್ಜು ದುರ್ಬಲವಾಗುತ್ತದೆ, ಮುಂದೆ ಹೊಲಿಗೆ ಹಿಡಿಯುವುದೂ ಕಷ್ಟ. ಮಧುಮೇಹಿಗಳಿಗೆ ಕೆಲವು ದಿನ ರಕ್ತದ ಸಕ್ಕರೆ ಏರುತ್ತದೆ. 'ನೋವು ಹೋಯಿತು' ಎಂದು ಮರುದಿನವೇ ಮೂಟೆ ಹೊರುವವರಿಗೆ ಅದು ಉಪಕಾರಕ್ಕಿಂತ ಅಪಕಾರ. ರಜ್ಜು ಹರಿಯದೆ ಬರೀ ಉಜ್ಜುವಿಕೆಯ ನೋವು ಇರುವವರಿಗೆ ದುರ್ಬೀನಿನ (ಆರ್ತ್ರೋಸ್ಕೋಪ್) ಮೂಲಕ ಮೇಲಿನ ಮೂಳೆಯನ್ನು ಕೆರೆದು ಜಾಗ ಮಾಡಿಕೊಡುವ ಆಪರೇಷನ್ ಹಿಂದೆ ಬಹಳ ನಡೆಯುತ್ತಿತ್ತು. 2018ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಬ್ರಿಟನ್ನಿನ ಅಧ್ಯಯನ, ಮೂಳೆ ಕೆರೆದವರಿಗೂ ಬರೀ ದುರ್ಬೀನು ತೂರಿಸಿ ನೋಡಿ ಬಿಟ್ಟವರಿಗೂ ಗುಣದಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ ಎಂದು ತೋರಿಸಿತು. ಬರೀ ಅದಕ್ಕಾಗಿ ಆಪರೇಷನ್ ಎಂದರೆ ಇನ್ನೊಬ್ಬ ವೈದ್ಯರನ್ನೂ ಕೇಳುವುದು ಒಳ್ಳೆಯದು.

ಈಗ ತಡಮಾಡಬಾರದವರು. ಬಿದ್ದೋ ಎಳೆತಕ್ಕೆ ಸಿಕ್ಕೋ ಒಂದೇ ಏಟಿಗೆ ತೋಳಿನ ಬಲ ಹೋದವರು, ವಯಸ್ಸು ಐವತ್ತೈದು ಅರವತ್ತರೊಳಗೆ ಇದ್ದು ತೋಳಿನ ಕೆಲಸದಿಂದಲೇ ಬದುಕುವವರು, ಎಕ್ಸ್‌ರೇಯಲ್ಲಿ ಮೂಳೆ ಮುರಿದಿಲ್ಲ ಎಂದರೂ ತೋಳೆತ್ತಲಾಗದವರು. 'ಮೂಳೆ ಮುರಿದಿಲ್ಲವಲ್ಲ, ಸರಿಹೋಗುತ್ತದೆ' ಎಂಬ ಮಾತೇ ಇವರಿಗೆ ಅಪಾಯ, ಏಕೆಂದರೆ ಎಕ್ಸ್‌ರೇಯಲ್ಲಿ ರಜ್ಜು ಕಾಣುವುದೇ ಇಲ್ಲ. ಏಟು ಬಿದ್ದು ಎರಡು ವಾರವಾದರೂ ತೋಳು ಏಳದಿದ್ದರೆ ಸ್ಕ್ಯಾನ್ ಆಗಬೇಕು. ಪೂರ್ತಿ ಹರಿದಿದ್ದರೆ ಮೊದಲ ಕೆಲವು ವಾರ, ಹೆಚ್ಚೆಂದರೆ ಮೂರ್ನಾಲ್ಕು ತಿಂಗಳ ಒಳಗೆ ಹೊಲಿಸುವುದು ಒಳ್ಳೆಯದು. ರಜ್ಜು ಆಗಿನ್ನೂ ದೂರ ಸರಿದಿರುವುದಿಲ್ಲ, ಸ್ನಾಯುವಿಗೆ ಕೊಬ್ಬು ಸೇರಿರುವುದಿಲ್ಲ. ಪೇಟೆಯ ಹಮಾಲಿಯೊಬ್ಬರು ದೀಪಾವಳಿ ವ್ಯಾಪಾರ ಮುಗಿಯಲಿ, ಪೊಂಗಲ್ ಮುಗಿಯಲಿ ಎಂದು ಮುಂದೂಡುವುದು ಯಾಕೆಂದು ನನಗೆ ಅರ್ಥವಾಗುತ್ತದೆ. ದಿನಗೂಲಿಯ ಮನೆಯಲ್ಲಿ ಬೇರೆ ದಾರಿ ಕಾಣುವುದಿಲ್ಲ. ಆದರೆ ಈ ಒಂದು ಗುಂಪಿನವರಿಗೆ ತಿಂಗಳುಗಳು ನಿಜಕ್ಕೂ ದುಬಾರಿ.

ಒಳಗೆ ನಡೆಯುವುದೇನು?

ಆಪರೇಷನ್ ದಿನ ಮೊದಲು ಅರಿವಳಿಕೆ ತಜ್ಞರು ಕತ್ತಿನ ಬುಡದಲ್ಲಿ, ಅಲ್ಟ್ರಾಸೌಂಡಿನಲ್ಲಿ ನೋಡಿಕೊಂಡು, ತೋಳಿನ ನರಗಳ ಸುತ್ತ ಮದ್ದು ಬಿಡುತ್ತಾರೆ. ತೋಳು ಪೂರ್ತಿ ಜೋಮು ಹಿಡಿಯುತ್ತದೆ. ಸಾಮಾನ್ಯವಾಗಿ ಇದರ ಜೊತೆ ಪೂರ್ಣ ಅರಿವಳಿಕೆಯೂ ಇರುತ್ತದೆ. ಈ ಕತ್ತಿನ ಮದ್ದಿನಿಂದ ಕೆಲ ಗಂಟೆ ಆ ಬದಿಯ ಕಣ್ಣುರೆಪ್ಪೆ ಜೋತುಬೀಳಬಹುದು, ದನಿ ಒಡೆಯಬಹುದು. ಮದ್ದು ಇಳಿದಂತೆ ಸರಿಹೋಗುತ್ತದೆ. ಅದು ಆ ಬದಿಯ ವಪೆಯನ್ನೂ (ಉಸಿರಾಟದ ಸ್ನಾಯು) ತಾತ್ಕಾಲಿಕವಾಗಿ ಮಂಕು ಮಾಡುವುದರಿಂದ ದಮ್ಮು, ಶ್ವಾಸಕೋಶದ ಕಾಯಿಲೆ ಇರುವವರು ಮೊದಲೇ ಹೇಳಬೇಕು.

ರೋಗಿಯನ್ನು ಅರ್ಧ ಎದ್ದು ಕೂತ ಭಂಗಿಯಲ್ಲೋ ಮಗ್ಗುಲಾಗಿ ಮಲಗಿಸಿಯೋ ತೋಳನ್ನು ಹದವಾಗಿ ಎಳೆದು ನಿಲ್ಲಿಸುತ್ತಾರೆ. ಹೆಗಲ ಹಿಂದೆ ಒಂದು ಸೆಂಟಿಮೀಟರ್ ಕೂಡ ಇರದ ಗಾಯ ಮಾಡಿ ಸುಮಾರು 4 ಮಿಲಿಮೀಟರ್ ದಪ್ಪದ ದುರ್ಬೀನನ್ನು ಕೀಲೊಳಗೆ ತೂರಿಸುತ್ತಾರೆ. ಅದರ ತುದಿ ನೇರ ನೋಡುವುದಿಲ್ಲ, 30 ಡಿಗ್ರಿ ಓರೆಯಾಗಿ ನೋಡುತ್ತದೆ. ಹಾಗಾಗಿ ಕೊಳವೆಯನ್ನು ತಿರುಗಿಸಿದರೇ ಸಾಕು, ಸುತ್ತಲಿನದೆಲ್ಲ ಟಿವಿ ಪರದೆಯ ಮೇಲೆ ದೊಡ್ಡದಾಗಿ ಕಾಣುತ್ತದೆ. ಪಂಪಿನಿಂದ ಸಲೈನ್ ನೀರು ಒಂದೇ ಸಮನೆ ಹರಿಯುತ್ತಿರುತ್ತದೆ. ಆ ನೀರು ಕೀಲನ್ನು ಹಿಗ್ಗಿಸಿ ಜಾಗ ಮಾಡುತ್ತದೆ, ರಕ್ತವನ್ನು ತೊಳೆದು ನೋಟವನ್ನು ತಿಳಿಯಾಗಿಡುತ್ತದೆ. ಆಪರೇಷನ್ ಮುಗಿದಾಗ ಹೆಗಲು, ಕೆಲವೊಮ್ಮೆ ಎದೆ ಮತ್ತು ಕತ್ತಿನವರೆಗೂ ಊದಿಕೊಂಡಿರುವುದು ಈ ನೀರಿನಿಂದಲೇ. ಮನೆಯವರು ಗಾಬರಿಯಾಗುತ್ತಾರೆ, ಒಂದೆರಡು ದಿನದಲ್ಲಿ ಅದು ಇಳಿಯುತ್ತದೆ.

ಮೊದಲು ಕೀಲನ್ನೆಲ್ಲ ಸುತ್ತಿ ನೋಡುತ್ತಾರೆ. ಬೈಸೆಪ್ಸ್ ಸ್ನಾಯುವಿನ ಉದ್ದನೆಯ ರಜ್ಜು ಇದೇ ಕೀಲಿನ ಒಳಗಿನಿಂದ ಹಾದುಹೋಗುತ್ತದೆ. ಅದೂ ಹರಿದು ಕುಚ್ಚಾಗಿದ್ದರೆ ಅದನ್ನು ಕತ್ತರಿಸಿಬಿಡುವುದೋ ಬೇರೆ ಕಡೆ ಕೂರಿಸುವುದೋ ಅಲ್ಲೇ ತೀರ್ಮಾನವಾಗುತ್ತದೆ. ಆಮೇಲೆ ಪಕ್ಕದಲ್ಲಿ, ಮುಂದೆ ಇನ್ನೆರಡು ಮೂರು ಸಣ್ಣ ಗಾಯಗಳು. ಅವುಗಳ ಮೂಲಕ ಉಪಕರಣಗಳು ಹೋಗುತ್ತವೆ. ರಜ್ಜುವಿನ ಮೇಲಿನ ಊದಿದ ತೆಳುಚೀಲವನ್ನು ತೆಗೆದಾಗ ಹರಿತದ ನಿಜವಾದ ಆಕಾರ ಕಾಣುತ್ತದೆ. ಅರ್ಧಚಂದ್ರದಂತೆ ಕಿತ್ತಿದ್ದರೆ ತುದಿಯನ್ನು ನೇರ ಮೂಳೆಗೆ ತರಬಹುದು. ಉದ್ದಕ್ಕೆ ಸೀಳಿದ್ದರೆ ಮೊದಲು ಸೀಳಿನ ಎರಡು ಬದಿಗಳನ್ನು ಒಂದಕ್ಕೊಂದು ಹೊಲಿದು, ಆಮೇಲೆ ಮೂಳೆಗೆ ಕಟ್ಟಬೇಕು. ಹಳೆಯ ಹರಿತವಾದರೆ ರಜ್ಜು ಸುತ್ತಲಿನ ಊತಕಕ್ಕೆ ಅಂಟಿಕೊಂಡಿರುತ್ತದೆ. ಅದನ್ನು ಎಲ್ಲ ಬದಿಯಿಂದ ಬಿಡಿಸಿ, ಚಿಮುಟದಲ್ಲಿ ಹಿಡಿದು ಎಳೆದು, ತನ್ನ ಜಾಗಕ್ಕೆ ಬಿಗಿತವಿಲ್ಲದೆ ತಲುಪುತ್ತದೆಯೇ ಎಂದು ನೋಡುತ್ತಾರೆ. ನನ್ನ ತಿಳಿವಳಿಕೆಯಲ್ಲಿ ಇಡೀ ಆಪರೇಷನ್ನಿನ ನಿರ್ಣಾಯಕ ಗಳಿಗೆ ಇದು. ಬಿಗಿಯಾಗಿ ಎಳೆದು ಕಟ್ಟಿದ ರಜ್ಜು ಎಷ್ಟು ಗಟ್ಟಿ ದಾರದಲ್ಲಿ ಕಟ್ಟಿದರೂ ಹಿಂಜಿಕೊಂಡು ಬರುತ್ತದೆ.

ಮುಂದೆ ಮೂಳೆಯ ಸಿದ್ಧತೆ. ರಜ್ಜು ಮೊದಲು ಅಂಟಿದ್ದ ಜಾಗವನ್ನು ಹಗುರವಾಗಿ ಕೆರೆದು ರಕ್ತ ಜಿನುಗುವಂತೆ ಮಾಡುತ್ತಾರೆ. ಮಾಯುವಿಕೆಗೆ ಬೇಕಾದ ಜೀವಕೋಶಗಳು ಅಲ್ಲಿಂದಲೇ ಬರಬೇಕು. ಅಲ್ಲಿ ಸುಮಾರು 5 ಮಿಲಿಮೀಟರ್ ದಪ್ಪದ ಆಂಕರುಗಳನ್ನು, ಅಂದರೆ ದಾರ ಕಟ್ಟಿದ ಸಣ್ಣ ಗೂಟಗಳನ್ನು, ಮೂಳೆಯೊಳಗೆ ಕೂರಿಸುತ್ತಾರೆ. ಕೆಲವು ಟೈಟಾನಿಯಂ ಲೋಹದವು, ಕೆಲವು ಗಟ್ಟಿ ಪ್ಲಾಸ್ಟಿಕ್ಕಿನವು, ಕೆಲವು ವರ್ಷಗಳಲ್ಲಿ ಕರಗಿಹೋಗುವಂಥವು, ಇನ್ನು ಕೆಲವು ಬರೀ ದಾರದ ಗಂಟಿನವು. ಅವುಗಳಿಂದ ಹೊರಟ ದಾರಗಳನ್ನು ವಕ್ರಸೂಜಿಯ ಉಪಕರಣದಿಂದ ರಜ್ಜುವಿನ ಮೂಲಕ ದಾಟಿಸಿ, ಹೊರಗೆ ಗಂಟು ಹಾಕಿ, ಆ ಗಂಟನ್ನು ಕೊಳವೆಯೊಳಗೆ ಜಾರಿಸಿ ರಜ್ಜುವನ್ನು ಮೂಳೆಗೆ ಬಿಗಿಯುತ್ತಾರೆ. ಸಣ್ಣ ಹರಿತಕ್ಕೆ ಒಂದು ಸಾಲು ಸಾಕು. ದೊಡ್ಡದಕ್ಕೆ ಎರಡು ಸಾಲು ಆಂಕರು ಹಾಕಿ, ದಾರಗಳನ್ನು ರಜ್ಜುವಿನ ಮೇಲೆ ಅಡ್ಡಡ್ಡ ಹಾಯಿಸಿ ಅಗಲವಾಗಿ ಒತ್ತಿ ಹಿಡಿಯುತ್ತಾರೆ. ಒಂದರಿಂದ ಎರಡು ಗಂಟೆಯ ಕೆಲಸ. ಮರುದಿನ ಮನೆಗೆ ಹೋಗಬಹುದು.

ಅತಿ ದೊಡ್ಡ ಹಳೆಯ ಹರಿತಗಳಲ್ಲಿ ರಜ್ಜು ಜಾಗಕ್ಕೆ ತಲುಪುವುದೇ ಇಲ್ಲ. ಆಗ ಅರ್ಧ ಹೊಲಿಗೆ, ಬೇರೆ ಸ್ನಾಯುವಿನ ರಜ್ಜುವನ್ನು ತಂದು ಕೂಡಿಸುವುದು, ವಯಸ್ಸಾದವರಿಗೆ ಗುಂಡು ಮತ್ತು ಗುಳಿಯ ಸ್ಥಾನವನ್ನೇ ಅದಲುಬದಲು ಮಾಡುವ ರಿವರ್ಸ್ ಭುಜ ಬದಲಾವಣೆ ಇತ್ಯಾದಿ ದಾರಿಗಳಿವೆ. ಈ ಕೊನೆಯದನ್ನು ರೂಪಿಸಿದವರು ಫ್ರಾನ್ಸಿನ ಪಾಲ್ ಗ್ರಾಮೋಂ.

ರಜ್ಜು ಹೊಲಿಯುವುದೇನೂ ಹೊಸದಲ್ಲ. ಬಾಸ್ಟನ್ನಿನ ಅರ್ನೆಸ್ಟ್ ಕಾಡ್‌ಮನ್ 1909ರಲ್ಲೇ ಹೆಗಲು ತೆರೆದು ಇದನ್ನು ಮಾಡಿದ್ದರು. ದುರ್ಬೀನಿನ ದಾರಿ ಬಂದದ್ದು ಜಪಾನಿನಿಂದ. 1918ರಲ್ಲಿ ಟೋಕಿಯೊದ ಕೆಂಜಿ ತಕಾಗಿ ಮೂತ್ರಕೋಶ ನೋಡುವ ದುರ್ಬೀನನ್ನು ಶವದ ಮೊಣಕಾಲಿನೊಳಗೆ ತೂರಿಸಿದರು, ಅವರ ಶಿಷ್ಯ ಮಸಾಕಿ ವತನಾಬೆ ಮುಂದೆ ಅದನ್ನು ಬಳಕೆಗೆ ಯೋಗ್ಯವಾದ ಉಪಕರಣವಾಗಿಸಿದರು. ಹೆಗಲ ರಜ್ಜುವನ್ನು ಪೂರ್ತಿ ಅದರ ಮೂಲಕವೇ ಹೊಲಿಯುವುದು ಹರಡಿದ್ದು 1990ರ ದಶಕದ ನಂತರ. ದೊಡ್ಡ ಗಾಯದ ಹಳೆಯ ಪದ್ಧತಿಗಿಂತ ಇದರಲ್ಲಿ ಡೆಲ್ಟಾಯ್ಡ್ ಸ್ನಾಯು ಕತ್ತರಿಸುವ ಪ್ರಮೇಯವಿಲ್ಲ, ಸೋಂಕು ಕಡಿಮೆ, ಮೊದಲ ದಿನಗಳ ನೋವೂ ಕಡಿಮೆ. ಆದರೆ ಬ್ರಿಟನ್ನಿನಲ್ಲಿ ಎರಡನ್ನೂ ಹೋಲಿಸಿ ನೋಡಿದಾಗ ಎರಡು ವರ್ಷದ ಹೊತ್ತಿಗೆ ಫಲಿತಾಂಶ ಒಂದೇ ಆಗಿತ್ತು. ಕಾರಣ ಸ್ಪಷ್ಟ. ಗಾಯ ಚಿಕ್ಕದಾದ ಮಾತ್ರಕ್ಕೆ ಒಳಗಿನ ರಜ್ಜು ಬೇಗ ಮಾಯುವುದಿಲ್ಲ.

ಆರು ವಾರ, ಮೂರು ತಿಂಗಳು, ಆರು ತಿಂಗಳು

ಕತ್ತಿನ ಮದ್ದು ಇಳಿಯುವ ಮೊದಲ ರಾತ್ರಿಯೇ ಅತಿ ಕಷ್ಟದ್ದು. ಜೋಮು ಬಿಡುವ ಮೊದಲೇ ನೋವಿನ ಮಾತ್ರೆ ತೆಗೆದುಕೊಂಡಿರಬೇಕು, ನೋವು ಶುರುವಾದ ಮೇಲಲ್ಲ. ಮಲಗುವುದು ದಿಂಬುಗಳಿಗೆ ಒರಗಿ, ಅರ್ಧ ಕೂತಂತೆ. ಕೆಲವು ವಾರ ಹಾಗೇ. ತೋಳು ಪಟ್ಟಿಯಲ್ಲಿ, ಪಕ್ಕೆಗೆ ಸಣ್ಣ ದಿಂಬು ಕೊಟ್ಟು, ನಾಲ್ಕರಿಂದ ಆರು ವಾರ ಇರಬೇಕು. ಬೆರಳು, ಮಣಿಕಟ್ಟು, ಮೊಣಕೈಗಳನ್ನು ಮೊದಲ ದಿನದಿಂದ ಆಡಿಸಬೇಕು. ಹೆಗಲನ್ನು ಮಾತ್ರ ಸ್ವಂತ ಬಲದಿಂದ ಎತ್ತುವಂತಿಲ್ಲ. ಚೆನ್ನೈಯ ಬೆವರಿನಲ್ಲಿ ಕಂಕುಳು ಕೆರೆದು ಹುಣ್ಣಾಗುವುದು ದೊಡ್ಡ ಗೋಳು. ಮುಂದಕ್ಕೆ ಬಾಗಿ ತೋಳನ್ನು ಸಡಿಲವಾಗಿ ಜೋತುಬಿಟ್ಟರೆ ಕಂಕುಳು ತೆರೆದುಕೊಳ್ಳುತ್ತದೆ, ಆಗ ಒರೆಸಿ ಒಣಗಿಸಬಹುದು. ಅಂಗಿ ತೊಡುವಾಗ ಆಪರೇಷನ್ ಆದ ತೋಳನ್ನು ಮೊದಲು ತೂರಿಸಿ, ಬಿಚ್ಚುವಾಗ ಅದನ್ನು ಕೊನೆಗೆ ತೆಗೆಯಬೇಕು. ಹೆಂಗಸರು ಮುಂದೆ ಹುಕ್ಕಿರುವ ಸಡಿಲ ರವಿಕೆ ಅಥವಾ ಮುಂದೆ ತೆರೆಯುವ ನೈಟಿಯನ್ನು ಆಪರೇಷನ್ನಿಗೆ ಮೊದಲೇ ಹೊಲಿಸಿಟ್ಟುಕೊಳ್ಳುವುದು ಜಾಣತನ.

ಆರು ವಾರದ ಮೇಲೆ ತೋಳನ್ನು ತಾನೇ ಎತ್ತುವ ಅಭ್ಯಾಸ, ಹನ್ನೆರಡು ವಾರದ ಮೇಲೆ ರಬ್ಬರ್ ಪಟ್ಟಿ ಎಳೆದು ಬಲ ತುಂಬುವ ವ್ಯಾಯಾಮ. ಮೂರನೇ ತಿಂಗಳಲ್ಲಿ ಬರುವ ಮೋಸ ಒಂದಿದೆ. ಆ ಹೊತ್ತಿಗೆ ನೋವು ಹೋಗಿರುತ್ತದೆ, ತೋಳು ಏಳುತ್ತಿರುತ್ತದೆ, ರೋಗಿ ತಾನು ಗುಣವಾದೆನೆಂದು ನಂಬುತ್ತಾರೆ. ಒಳಗೆ ರಜ್ಜು–ಮೂಳೆಯ ಬೆಸುಗೆ ಇನ್ನೂ ಎಳಸಾಗಿರುತ್ತದೆ. ಆಗ ಎತ್ತಿದ ಒಂದು ಬಕೆಟ್ ನೀರು, ಎಳೆದ ಒಂದು ಬೈಕಿನ ಸ್ಟ್ಯಾಂಡು ಅಷ್ಟನ್ನೂ ಹಾಳುಮಾಡಬಹುದು. ಮೇಜಿನ ಕೆಲಸಕ್ಕೆ ಪಟ್ಟಿಯೊಡನೆ ಕೆಲವೇ ವಾರದಲ್ಲಿ ಮರಳಬಹುದು. ಗಲ್ಲಾ ನೋಡಿಕೊಳ್ಳುವ ಮಾಲೀಕರಿಗೆ ಇದು ಸುಲಭ. ತಲೆಗಿಂತ ಮೇಲೆ ಭಾರ ಎತ್ತುವ ಆಳಿಗೆ ಆರು ತಿಂಗಳು, ಕೆಲವೊಮ್ಮೆ ಅದಕ್ಕೂ ಹೆಚ್ಚು.

ಹೊಲಿದ ರಜ್ಜುಗಳೆಲ್ಲ ಕೂಡುತ್ತವೆ ಎಂದೂ ಇಲ್ಲ. ಸಣ್ಣ ಹರಿತಗಳಲ್ಲಿ ಬಹುಪಾಲು ಕೂಡುತ್ತವೆ, ಅತಿ ದೊಡ್ಡವುಗಳಲ್ಲಿ ಮತ್ತೆ ಬಿಡುವುದು ಸಾಮಾನ್ಯ. ಹಾಗೆ ಬಿಟ್ಟರೂ ಹಲವರಿಗೆ ನೋವು ಮೊದಲಿಗಿಂತ ಕಡಿಮೆಯೇ ಇರುತ್ತದೆ, ಬಲ ಮಾತ್ರ ಪೂರ್ತಿ ಬರುವುದಿಲ್ಲ. ಬೀಡಿ, ಸಿಗರೇಟು ಬಿಡದವರಲ್ಲಿ, ಸಕ್ಕರೆ ಹತೋಟಿಯಲ್ಲಿಲ್ಲದವರಲ್ಲಿ ಮಾಯುವಿಕೆ ಕುಂಟುತ್ತದೆ. ಆಪರೇಷನ್ ದಿನಾಂಕ ಗೊತ್ತಾದ ದಿನವೇ ಬೀಡಿ ಬಿಡುವುದು ಯಾವ ದುಬಾರಿ ಆಂಕರಿಗಿಂತಲೂ ಕಡಿಮೆ ಉಪಕಾರಿಯಲ್ಲ.

ಚೇತರಿಕೆಗೆ ಹಿಡಿಯುವ ಕಾಲಕ್ಕೆ ಒಂದು ಉದಾಹರಣೆ. 2001ರ ಮಾರ್ಚಿನಲ್ಲಿ, ಸೌಕಾರ್‌ಪೇಟೆಯಿಂದ ಕೆಲವೇ ಕಿಲೋಮೀಟರ್ ದೂರದ ಚೆಪಾಕ್ ಮೈದಾನದಲ್ಲಿ ಹರ್ಭಜನ್ ಸಿಂಗ್ ಆಸ್ಟ್ರೇಲಿಯದ 15 ವಿಕೆಟ್ ಕಿತ್ತು ಸರಣಿ ಗೆಲ್ಲಿಸಿದಾಗ ತಂಡದಲ್ಲಿ ನಮ್ಮ ಅನಿಲ್ ಕುಂಬ್ಳೆ ಇರಲಿಲ್ಲ. ಬಲ ಹೆಗಲಿನ ಶಸ್ತ್ರಚಿಕಿತ್ಸೆಯಿಂದ ಅವರು ಚೇತರಿಸಿಕೊಳ್ಳುತ್ತಿದ್ದರು. ಅಂತರರಾಷ್ಟ್ರೀಯ ಕ್ರಿಕೆಟಿಗೆ ಮರಳಲು ಸುಮಾರು ಒಂದು ವರ್ಷ ಬೇಕಾಯಿತು. ಅದೇ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ 300ನೇ ಟೆಸ್ಟ್ ವಿಕೆಟ್ ಪಡೆದರು; ಅವರ 619ರಲ್ಲಿ ಅರ್ಧಕ್ಕಿಂತ ಹೆಚ್ಚು ಆ ಶಸ್ತ್ರಚಿಕಿತ್ಸೆಯ ನಂತರ ಬಂದವು. ಈ ಕಥೆಯನ್ನು ಧೈರ್ಯಕ್ಕಾಗಿ ಹೇಳುವವರು ಆ ಒಂದು ವರ್ಷವನ್ನು ಬಿಟ್ಟುಬಿಡುತ್ತಾರೆ. ಕುಂಬ್ಳೆಯವರಿಗೇ ಅಷ್ಟು ಕಾಲ ಹಿಡಿಯಿತೆಂದರೆ, ಫಿಸಿಯೋ ಇಲ್ಲದ ಹಮಾಲಿಗೆ ಎರಡೇ ತಿಂಗಳಲ್ಲಿ ಮೂಟೆ ಹೊರು ಎನ್ನುವುದು ಅನ್ಯಾಯ.

ಹೋಗುವುದು ಎಲ್ಲಿಗೆ, ಕೇಳುವುದು ಏನು?

ಸೌಕಾರ್‌ಪೇಟೆಯವರಿಗೆ ದೊಡ್ಡ ಆಸ್ಪತ್ರೆ ದೂರವಿಲ್ಲ. ಸೆಂಟ್ರಲ್ ರೈಲು ನಿಲ್ದಾಣದ ಎದುರಿಗಿರುವ, 1664ರಲ್ಲಿ ಕೋಟೆಯೊಳಗೆ ಆರಂಭವಾದ ರಾಜೀವ್ ಗಾಂಧಿ ಸರ್ಕಾರಿ ಆಸ್ಪತ್ರೆ ಒಂದು ಕಡೆ, ಸ್ಟಾನ್ಲಿ ಆಸ್ಪತ್ರೆ ಇನ್ನೊಂದು ಕಡೆ. ಎರಡೂ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳು, ಎರಡರಲ್ಲೂ ಮೂಳೆ ವಿಭಾಗವಿದೆ. ಬೆಂಗಳೂರಿನವರಿಗೆ ಸಂಜಯ್ ಗಾಂಧಿ ಅಪಘಾತ ಮತ್ತು ಮೂಳೆ ಚಿಕಿತ್ಸಾ ಸಂಸ್ಥೆ ಇದೆ. ಈ ಆಪರೇಷನ್ನಿನ ಖರ್ಚಿನಲ್ಲಿ ಆಂಕರುಗಳ ಪಾಲು ದೊಡ್ಡದು. ಒಂದೊಂದಕ್ಕೂ ಸಾವಿರಾರು ರೂಪಾಯಿ, ದೊಡ್ಡ ಹರಿತಕ್ಕೆ ನಾಲ್ಕು ಬೇಕಾಗಬಹುದು. ಆದ್ದರಿಂದ ತಮಿಳುನಾಡಿನ ಮುಖ್ಯಮಂತ್ರಿ ವಿಮಾ ಯೋಜನೆಯ ಕಾರ್ಡೋ ಕರ್ನಾಟಕದ ಆಯುಷ್ಮಾನ್ ಕಾರ್ಡೋ ಇರುವವರು ಆಸ್ಪತ್ರೆಯ ವಿಮಾ ಕೌಂಟರಿನಲ್ಲಿ, ಯೋಜನೆ ಆಂಕರಿನ ಖರ್ಚನ್ನೂ ಭರಿಸುತ್ತದೆಯೇ, ಎಷ್ಟರವರೆಗೆ ಎಂದು ದಾಖಲಾಗುವ ಮೊದಲೇ ಕೇಳಿಕೊಳ್ಳಬೇಕು. ಖಾಸಗಿ ವಿಮೆಯವರೂ ಅಷ್ಟೇ.

ವೈದ್ಯರನ್ನು ಕೇಳಲು ಸಂಕೋಚಪಡಬೇಡಿ. ನನ್ನ ಹರಿತ ಏಟಿನದೋ ಸವೆತದ್ದೋ, ಅಳತೆ ಎಷ್ಟು, ಸ್ನಾಯುವಿಗೆ ಕೊಬ್ಬು ಸೇರಿದೆಯೇ, ಮೂರು ತಿಂಗಳು ವ್ಯಾಯಾಮ ಮಾಡಿ ನೋಡಿದರೆ ಏನಾದರೂ ಕಳೆದುಕೊಳ್ಳುತ್ತೇನೆಯೇ, ನೀವು ವರ್ಷಕ್ಕೆ ಎಷ್ಟು ಹೆಗಲು ಹೊಲಿಯುತ್ತೀರಿ, ಫಿಸಿಯೋ ಇಲ್ಲೇ ಸಿಗುತ್ತದೆಯೇ? ಒಳ್ಳೆಯ ವೈದ್ಯರು ಇವುಗಳಿಗೆ ಸಿಟ್ಟಾಗುವುದಿಲ್ಲ. ಡಿಸ್ಚಾರ್ಜ್ ಚೀಟಿಯಲ್ಲಿ ಯಾವ ಆಂಕರು ಎಷ್ಟು ಹಾಕಿದರು ಎಂಬುದನ್ನು ಬರೆಸಿಕೊಳ್ಳಿ, ಮುಂದೆ ಎಂಆರ್‌ಐ ಮಾಡುವಾಗ ಬೇಕಾಗುತ್ತದೆ. ಜ್ವರ, ಗಾಯದಿಂದ ಕೀವು, ದಿನದಿಂದ ದಿನಕ್ಕೆ ಏರುವ ನೋವು ಕಂಡರೆ ಮುಂದಿನ ತಪಾಸಣೆಯ ತನಕ ಕಾಯಬೇಡಿ.

ಇನ್ನೊಂದು ಕಾಗದವನ್ನೂ ಅದೇ ದಿನ ಕೇಳಿ ಪಡೆಯಬೇಕು. ಎಷ್ಟು ತಿಂಗಳು ಭಾರ ಎತ್ತಬಾರದು, ಯಾವಾಗಿನಿಂದ ಹಗುರ ಕೆಲಸ ಮಾಡಬಹುದು ಎಂದು ಆಸ್ಪತ್ರೆಯ ಮೊಹರಿನೊಡನೆ ಬರೆದ ಚೀಟಿ. ಅಂಗಡಿಯ ಮಾಲೀಕರಿಗೆ ಅದನ್ನು ತೋರಿಸಿ ಬಿಲ್ಲು ಬರೆಯುವುದು, ಲೆಕ್ಕ ನೋಡುವುದು, ಗಿರಾಕಿಗೆ ಕೆಳಗಿನ ಸಾಲಿನ ಸರಕು ತೋರಿಸುವುದು ಇಂಥ ಕೆಲಸ ಕೇಳಬಹುದು. ಮಾಲೀಕರಿಗೂ ಒಂದು ಮಾತು. ಹೆಚ್ಚು ಮಾರಾಟವಾಗುವ ಭಾರದ ಥಾನುಗಳನ್ನು ಎದೆಯ ಮಟ್ಟದಲ್ಲಿ, ಅಪರೂಪಕ್ಕೆ ಬೇಕಾಗುವ ಹಗುರದವನ್ನು ಮೇಲೆ ಇಡುವುದಕ್ಕೆ ಖರ್ಚಿಲ್ಲ. ಗಟ್ಟಿಯಾದ ಒಂದು ಮೆಟ್ಟಿಲ ಸ್ಟೂಲು ಇದ್ದರೆ ಆಳುಗಳು ತಲೆಗಿಂತ ಮೇಲೆ ತೋಳು ಚಾಚದೆ ಸರಕು ಇಳಿಸಬಹುದು.